ಹಾಕೋವಾಗ ಇರೋ ಉತ್ಸಾಹ ತೆಗೆಯೋವಾಗಲೂ ಇರಲಿ: ಸ್ತ್ರೀರೋಗ ತಜ್ಞರಿಗೊಂದು ಬಹಿರಂಗ ಪತ್ರ

ಗರ್ಭನಿರೋಧಕದ ಬಗ್ಗೆ ಸಲಹೆ ಕೊಡೋ ಎಲ್ಲ ಡಾಕ್ಟರುಗಳಿಗೆ, ನರ್ಸ್‌ಗಳಿಗೆ, ಕೌನ್ಸೆಲರ್‌ಗಳಿಗೆ,

ನಮಸ್ಕಾರ. ನಾನು ವರ್ಷಗಟ್ಟಲೆ ಗರ್ಭನಿರೋಧಕ ಬಳಸಿದೀನಿ, ಈಗಲೂ ಬಳಸ್ತಿದೀನಿ, ಅವು ಇಲ್ಲದೇ ಹೋಗಿದ್ರೆ ನನ್ನ ಓದು, ಕೆಲಸ, ಇಬ್ಬರು ಮಕ್ಕಳ ನಡುವಿನ ಅಂತರ ಯಾವುದೂ ನನ್ನ ಕೈಲಿ ಇರ್ತಿರಲಿಲ್ಲ. ಹಂಗಾಗಿ ಇವಳು ಯಾರೋ ಹೆದರಿಸೋಕೆ ಬಂದಿದಾಳೆ ಅಂತ ಪತ್ರ ಪಕ್ಕಕ್ಕಿಡಬೇಡಿ. ನನ್ನ ತಕರಾರು ಇಷ್ಟೇ. ಒಂದು ವಿಧಾನ ನಮಗೆ ಒಪ್ಪಿಸೋವಾಗ ಅದರ ಲಾಭನೆಲ್ಲ ಬಿಡಿಸಿ ಬಿಡಿಸಿ ಹೇಳ್ತೀರಿ, ಸೈಡ್ ಎಫೆಕ್ಟ್ ಮಾತು ಬಂದ ತಕ್ಷಣ "ಅದೆಲ್ಲ ನಾರ್ಮಲ್, ಸರಿಹೋಗತ್ತೆ" ಅಂತ ಒಂದೇ ಸಾಲಲ್ಲಿ ಮುಗಿಸ್ತೀರಿ, ಆಮೇಲೆ ನಾವು ಸರಿಹೋಗಲಿಲ್ಲ ತೆಗೆದುಬಿಡಿ ಅಂತ ಬಂದ್ರೆ ಅಲ್ಲಿ ವಾದ ಶುರು ಮಾಡ್ತೀರಿ.

ನಿಮ್ಮ ಕಡೆ ವಾದ ನನಗೆ ಗೊತ್ತು, ಮತ್ತೆ ಅದು ಸರಿಯಾಗೇ ಇದೆ. ಮಾತ್ರೆನ ಒಂದು ದಿನನೂ ತಪ್ಪಿಸದೆ ನುಂಗಿದ್ರೆ ವರ್ಷಕ್ಕೆ 1,000 ಹೆಂಗಸರಲ್ಲಿ 3 ಜನ ಬಸುರಿ ಆಗಬಹುದು ಅಷ್ಟೇ, ಆದ್ರೆ ಒಂದು ದಿನನೂ ತಪ್ಪಿಸದವರು ಯಾರಿದಾರೆ ಹೇಳಿ, ಮಗುಗೆ ಜ್ವರ ಬಂದ ದಿನ, ಊರಿಗೆ ಹೊರಟ ದಿನ, ನೈಟ್ ಶಿಫ್ಟ್ ಮುಗಿಸಿ ಬಂದು ಹಂಗೇ ಮಲಗಿದ ದಿನ ಎಲ್ಲ ಸೇರಿಸಿ ನಿಜವಾಗಿ ಬಳಸೋ ರೀತಿಲಿ ನೋಡಿದ್ರೆ ಅದು 100ಕ್ಕೆ ಸುಮಾರು 7 ಆಗತ್ತೆ. ಕಾಂಡೋಮ್‌ಗೆ 100ಕ್ಕೆ 13ರ ಹತ್ತಿರ. ಅದೇ ಕಾಪರ್ ಟಿ (ನಮ್ಮಲ್ಲಿ ತುಂಬ ಜನ ಇನ್ನೂ ವಂಕಿ ಅಂತಾನೇ ಅನ್ನೋದು), ಹಾರ್ಮೋನ್ ಇರೋ ಐಯುಡಿ (ಐಯುಡಿ ಅಂದ್ರೆ ಗರ್ಭಕೋಶದ ಒಳಗೆ ಇಡೋ ಸಾಧನ, ಕಾಪರ್ ಟಿನೂ ಒಂದು ಐಯುಡಿನೇ), ತೋಳಿನ ಚರ್ಮದ ಕೆಳಗೆ ಇಡೋ ಇಂಪ್ಲಾಂಟ್ ಇವು ಮೂರೂ 100ಕ್ಕೆ 1ಕ್ಕಿಂತ ಕಡಿಮೆ. ಹಾಕಿಸ್ಕೊಂಡ ಮೇಲೆ ದಿನಾ ನೆನಪಿಡೋ ಕೆಲಸನೇ ಇಲ್ಲ, ಅದಕ್ಕೇ ತಪ್ಪಲ್ಲ. ಒಪ್ಪಿದೆ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 2007ರಲ್ಲಿ ಶುರುವಾದ ಚಾಯ್ಸ್ ಪ್ರಾಜೆಕ್ಟ್ ಬಗ್ಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರತ್ತೆ. 9,000ಕ್ಕಿಂತ ಹೆಚ್ಚು ಹೆಂಗಸರಿಗೆ ಎಲ್ಲ ವಿಧಾನಗಳನ್ನೂ ವಿವರಿಸಿ, ಯಾವುದು ಬೇಕೋ ಅದನ್ನ ದುಡ್ಡಿಲ್ಲದೆ ಕೊಟ್ರು, ನಾಲ್ಕರಲ್ಲಿ ಮೂರು ಜನ ಇಂಥ ದೀರ್ಘಕಾಲದ ವಿಧಾನನೇ ಆರಿಸ್ಕೊಂಡ್ರು. ಒಂದು ವರ್ಷ ಆದ ಮೇಲೆ ನೋಡಿದ್ರೆ ಐಯುಡಿ ಇಂಪ್ಲಾಂಟ್ ಹಾಕಿಸ್ಕೊಂಡವರಲ್ಲಿ 100ಕ್ಕೆ 86 ಜನ ಮುಂದುವರೆಸಿದ್ರು, ಮಾತ್ರೆ ಇಂಜೆಕ್ಷನ್ ಇತ್ಯಾದಿ ಆರಿಸಿದವರಲ್ಲಿ 55 ಜನ ಮಾತ್ರ. ಈ 86ನ್ನ ಎಲ್ಲ ಕಡೆ ತೋರಿಸ್ತೀರಿ, ತೋರಿಸಬೇಕಾದ್ದೇ. ನಾನು ಮಾತಾಡ್ತಿರೋದು ಮಿಕ್ಕ 14 ಜನರ ಪರವಾಗಿ. ಇನ್ನೊಂದು ವಿಷಯ, ಆ ಪ್ರಾಜೆಕ್ಟಲ್ಲಿ ಬೇಡ ಅನ್ಸಿದಾಗ ವಿಧಾನ ಬದಲಾಯಿಸ್ಕೊಳ್ಳೋ ಅವಕಾಶನೂ ಇತ್ತು, ಅದಕ್ಕೂ ದುಡ್ಡು ಕೊಡಬೇಕಿರಲಿಲ್ಲ. ಆ ಅರ್ಧ ಭಾಗನ ಯಾಕೋ ಯಾರೂ ಅಷ್ಟಾಗಿ ಹೇಳಲ್ಲ.

ನನ್ನದೇ ಕಥೆ ಸ್ವಲ್ಪ ಹೇಳ್ತೀನಿ, ಜಾಸ್ತಿ ಎಳೆಯಲ್ಲ. ಕಾಪರ್ ಟಿ ಹಾಕಿಸ್ಕೊಂಡಿದ್ದೆ. ಮೊದಲೇ ನನಗೆ ಮುಟ್ಟಲ್ಲಿ ಬ್ಲೀಡಿಂಗ್ ಜಾಸ್ತಿ, ಅದನ್ನ ಹಾಕೋ ಮುಂಚೆ ಯಾರೂ ಕೇಳಲಿಲ್ಲ. ಹಾಕಿದ ಮೇಲೆ ಮುಟ್ಟು ಅಂದ್ರೆ ಕೆಲಸಕ್ಕೆ ಹೋಗೋಕೇ ಆಗದ ಹಂಗಾಯ್ತು, ಮೆಟ್ಟಿಲು ಹತ್ತಿದ್ರೆ ಏದುಸಿರು, ಕಣ್ಣು ಕತ್ತಲೆ. ಡಾಕ್ಟರ್ ಹತ್ರ ಹೋದಾಗೆಲ್ಲ ಇನ್ನೊಂದು ತಿಂಗಳು ನೋಡಮ್ಮಾ ಅಂದ್ರು, ಕೊನೆಗೆ ತೆಗೆದುಬಿಡಿ ಮೇಡಂ ಅಂದಿದ್ದಕ್ಕೆ "ಹತ್ತು ವರ್ಷ ಬರೋದನ್ನ ಯಾಕಮ್ಮಾ ವೇಸ್ಟ್ ಮಾಡ್ತೀಯಾ, ಮನೆಯವರನ್ನ ಕರ್ಕೊಂಡು ಬಾ ಮಾತಾಡೋಣ" ಅಂತ ಹೇಳಿ ಕಳಿಸಿದ್ರು. ಬೇರೆ ಕಡೆ ಹೋದೆ, ಅಲ್ಲಿದ್ದ ಡಾಕ್ಟರ್ ಒಂದು ಮಾತೂ ವಾದ ಮಾಡದೆ ತೆಗೆದ್ರು, ರಕ್ತ ಟೆಸ್ಟ್ ಮಾಡಿಸಿ ಐರನ್ ಮಾತ್ರೆ ಬರೆದುಕೊಟ್ರು, ಸುಧಾರಿಸ್ಕೊಂಡ ಮೇಲೆ ಬೇರೆ ಏನಾದ್ರೂ ಬೇಕಿದ್ರೆ ಬನ್ನಿ ಅಂದ್ರು. ಬಂದೆ. ಹಾರ್ಮೋನ್ ಐಯುಡಿ ಹಾಕಿಸ್ಕೊಂಡೆ, ಅದು ನನಗೆ ಒಗ್ಗಿತು. ತಮಾಷೆ ಅಂದ್ರೆ ನನ್ನ ತಂಗಿಗೆ ಪೂರ್ತಿ ಉಲ್ಟಾ, ಹಾರ್ಮೋನ್ ಇರೋದು ಯಾವುದೂ ಆಗಿಬರಲಿಲ್ಲ, ಕಾಪರ್ ಟಿ ಹಾಕಿಸ್ಕೊಂಡು ಅದಿದೆ ಅನ್ನೋದನ್ನೇ ಮರೆತಿದಾಳೆ. ಒಂದೇ ತಾಯಿ ಹೊಟ್ಟೇಲಿ ಹುಟ್ಟಿದವರಿಗೇ ಹಿಂಗಾದ್ರೆ ಒಬ್ಬರಿಗೆ ಒಗ್ಗಿದ್ದು ಎಲ್ಲರಿಗೂ ಒಗ್ಗತ್ತೆ ಅಂತ ಹೆಂಗೆ ಹೇಳ್ತೀರಿ?

ಕಾಪರ್ ಟಿನ ನಾನು ಬೈತಾ ಇಲ್ಲ. ಹಾರ್ಮೋನ್ ಬೇಡ ಅನ್ನೋರಿಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ, ತಾಮ್ರ ವೀರ್ಯಾಣುಗಳನ್ನ ನಿಷ್ಕ್ರಿಯ ಮಾಡತ್ತೆ, ಅಂಡದ ಜೊತೆ ಸೇರೋದನ್ನೇ ತಡೆಯತ್ತೆ, 380ಎ ಮಾದರಿ 10 ವರ್ಷ ಕೆಲಸ ಮಾಡತ್ತೆ, ಅಸುರಕ್ಷಿತ ಸಂಪರ್ಕ ಆಗಿ 5 ದಿನದ ಒಳಗೆ ಹಾಕಿಸಿದ್ರೆ ತುರ್ತು ಗರ್ಭನಿರೋಧಕ ಆಗಿಯೂ ಕೆಲಸಕ್ಕೆ ಬರತ್ತೆ. ಆದ್ರೆ ಮುಟ್ಟಿನ ರಕ್ತಸ್ರಾವ ಮತ್ತೆ ನೋವು ಜಾಸ್ತಿ ಆಗೋದು ಅದರ ಸ್ವಭಾವ, ಅದರಲ್ಲೂ ಮೊದಲ 3ರಿಂದ 6 ತಿಂಗಳು. ಆಮೇಲೆ ಎಷ್ಟೋ ಜನಕ್ಕೆ ತಗ್ಗತ್ತೆ, ಕೆಲವರಿಗೆ ತಗ್ಗಲ್ಲ. ಮೊದಲೇ ರಕ್ತ ಕಡಿಮೆ ಇರೋಳಿಗೆ ಇದು ಸಣ್ಣ ವಿಷಯ ಅಲ್ಲ. ಹಾಕೋ ಮುಂಚೆ "ನಿಮ್ಮ ಮುಟ್ಟು ಹೆಂಗಿರತ್ತೆ, ಎಷ್ಟು ದಿನ, ಪ್ಯಾಡ್ ಎಷ್ಟು ಬೇಗ ಬದಲಾಯಿಸಬೇಕಾಗತ್ತೆ, ಹಿಮೋಗ್ಲೋಬಿನ್ ಯಾವಾಗ ನೋಡಿಸಿದ್ರಿ" ಅಂತ ಕೇಳೋಕೆ ಎಷ್ಟು ಹೊತ್ತು ಬೇಕು? ಮುಟ್ಟಿನ ದಿನಗಳಲ್ಲಿ ಐಬುಪ್ರೊಫೆನ್ ಥರದ ಮಾತ್ರೆ ತಗೊಂಡ್ರೆ ನೋವಿನ ಜೊತೆ ಬ್ಲೀಡಿಂಗೂ ಸ್ವಲ್ಪ ಇಳಿಯತ್ತೆ ಅಂತ ನನಗೆ ಗೊತ್ತಾಗಿದ್ದು ತೆಗೆಸಿದ ಮೇಲೆ.

ಹಾರ್ಮೋನ್ ಐಯುಡಿ ಕಥೆ ಬೇರೆ. ಅದರಲ್ಲಿ ಲೆವೊನೊರ್ಜೆಸ್ಟ್ರೆಲ್ ಅನ್ನೋ ಹಾರ್ಮೋನ್ ಇರತ್ತೆ, 52 ಮಿಲಿಗ್ರಾಂ ಇರೋದು ಶುರುವಲ್ಲಿ ದಿನಕ್ಕೆ 20 ಮೈಕ್ರೋಗ್ರಾಂ ಅಷ್ಟು ಬಿಡತ್ತೆ, ಹೆಚ್ಚಿನ ಕೆಲಸ ಗರ್ಭಕೋಶದ ಒಳಗೇ ನಡೆಯತ್ತೆ. 1990ರಲ್ಲಿ ಮೊದಲು ಫಿನ್ಲೆಂಡಲ್ಲಿ ಬಂತು. ಬ್ಲೀಡಿಂಗ್ ಜಾಸ್ತಿ ಇರೋರಿಗೆ ಇದು ಔಷಧಿನೇ, ಅದಕ್ಕಾಗಿಯೇ ಹಾಕಿಸ್ಕೊಳ್ಳೋರಿದಾರೆ. ಮೊದಲ ತಿಂಗಳುಗಳಲ್ಲಿ ಹೊತ್ತು ಗೊತ್ತಿಲ್ಲದೆ ಸ್ಪಾಟಿಂಗ್ (ಸ್ವಲ್ಪ ಸ್ವಲ್ಪ ರಕ್ತ ಕಾಣೋದು), ಆಮೇಲೆ ಮುಟ್ಟು ಕಡಿಮೆ ಆಗ್ತಾ ಹೋಗತ್ತೆ, ಒಂದು ವರ್ಷ ಆಗೋ ಹೊತ್ತಿಗೆ ಐದರಲ್ಲಿ ಒಬ್ಬರಿಗೆ ಮುಟ್ಟೇ ನಿಂತಿರತ್ತೆ. ಈ ಮುಟ್ಟು ನಿಲ್ಲೋದನ್ನ ಮೊದಲೇ ಹೇಳಿದ್ರೆ ಅದು ಸಮಾಧಾನ, ಹೇಳದೇ ಇದ್ರೆ ಗಾಬರಿ. ಬಸುರಿ ಆಗಿಬಿಟ್ನಾ ಅಂತ ಒಬ್ಬಳು ರಾತ್ರಿಯೆಲ್ಲ ನಿದ್ದೆ ಬಿಡ್ತಾಳೆ, ಇನ್ನೊಬ್ಬಳು ಕೆಟ್ಟ ರಕ್ತ ಒಳಗೇ ಶೇಖರ ಆಗ್ತಿದೆ ಅಂದ್ಕೊಂಡು ಕೊರಗ್ತಾಳೆ. ಒಳಗೇನೂ ಶೇಖರ ಆಗ್ತಿಲ್ಲ, ಗರ್ಭಕೋಶದ ಒಳಪದರ ತೆಳ್ಳಗಾಗಿ ಹೊರಗೆ ಬರೋಕೆ ಏನೂ ಇಲ್ಲ ಅಷ್ಟೇ, ಈ ಒಂದು ವಾಕ್ಯ ಹೇಳೋಕೆ ನಿಮಗೆ ಎಂಬಿಬಿಎಸ್ ಆದ ಮೇಲೆ ಇನ್ನೇನೂ ಓದಬೇಕಿಲ್ಲ (ಸಿಟ್ಟಿಂದ ಬಂತು ಈ ಮಾತು, ಹೊಟ್ಟೆಗೆ ಹಾಕ್ಕೊಳ್ಳಿ).

ಇಂಪ್ಲಾಂಟ್ ಅಂದ್ರೆ ಬೆಂಕಿಕಡ್ಡಿ ಗಾತ್ರದ ಮೆತ್ತನೆ ಕಡ್ಡಿ, ಒಂದೇ ಕಡ್ಡಿ ಬರೋ ಮಾದರೀಲಿ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಅನ್ನೋ ಹಾರ್ಮೋನ್. ಪರಿಣಾಮದ ಲೆಕ್ಕದಲ್ಲಿ ಇದಕ್ಕಿಂತ ಮೇಲೆ ಯಾವುದೂ ಇಲ್ಲ, 1,000ಕ್ಕೆ ಒಬ್ಬರು ಅಥವಾ ಅದಕ್ಕೂ ಕಡಿಮೆ. ಆದ್ರೆ ಬ್ಲೀಡಿಂಗ್ ಯಾವಾಗ ಬರತ್ತೆ ಎಷ್ಟು ದಿನ ಇರತ್ತೆ ಅನ್ನೋದಕ್ಕೆ ತಲೆ ಬುಡ ಇಲ್ಲ. ಒಬ್ಬಳಿಗೆ ಪೂರ್ತಿ ನಿಲ್ಲತ್ತೆ, ಇನ್ನೊಬ್ಬಳಿಗೆ ವಾರಗಟ್ಟಲೆ ನಿಲ್ಲಲ್ಲ, ಯಾರಿಗೆ ಯಾವುದು ಅಂತ ಹಾಕೋ ಮುಂಚೆ ಹೇಳೋಕೆ ಯಾವ ಟೆಸ್ಟೂ ಇಲ್ಲ. ತೆಗೆಸ್ಕೊಳ್ಳೋರು ಜಾಸ್ತಿ ಇದೇ ಕಾರಣಕ್ಕೆ ತೆಗೆಸ್ಕೊಳ್ಳೋದು. ಮೊದಲ ಮೂರು ತಿಂಗಳು ಹೆಂಗಿರತ್ತೋ ಮುಂದೂ ಸುಮಾರಾಗಿ ಹಂಗೇ ಇರತ್ತೆ ಅಂತ ಕಂಪನಿ ಕೊಡೋ ಮಾಹಿತಿ ಪತ್ರದಲ್ಲೇ ಇದೆ, ಅಂದ್ಮೇಲೆ ಮೂರು ತಿಂಗಳು ನಿಲ್ಲದ ಬ್ಲೀಡಿಂಗ್ ಅನುಭವಿಸಿ ಬಂದೋಳಿಗೆ ಇನ್ನೂ ಒಂದು ವರ್ಷ ನೋಡು ಅನ್ನೋದು ಯಾವ ನ್ಯಾಯ? ಇನ್ನೊಂದು, ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಕಾರ್ಬಮಾಜೆಪಿನ್, ಟಿಬಿಗೆ ಕೊಡೋ ರಿಫಾಂಪಿಸಿನ್ ಇಂಥ ಔಷಧಿಗಳು ಇಂಪ್ಲಾಂಟ್‌ನ ಶಕ್ತಿ ಕಡಿಮೆ ಮಾಡ್ತವೆ. ಬೇರೆ ಏನು ಮಾತ್ರೆ ತಗೋತಿದೀರಾ ಅಂತ ಕೇಳದೇ ಹಾಕೋರಿದಾರೆ.

ಈಗ ಇಂಜೆಕ್ಷನ್. ಮೂರು ತಿಂಗಳಿಗೊಂದು, 150 ಮಿಲಿಗ್ರಾಂ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಅನ್ನೋ ಹಾರ್ಮೋನ್. ಮನೇಲಿ ಯಾರಿಗೂ ಕಾಣದ ಹಾಗೆ ತಗೋಬಹುದು ಅನ್ನೋದು ಎಷ್ಟೋ ಹೆಂಗಸರಿಗೆ ದೊಡ್ಡ ಅನುಕೂಲ, ಅದನ್ನ ನಾನು ಹಗುರವಾಗಿ ನೋಡಲ್ಲ. ಆದ್ರೆ ಮಿಕ್ಕಿದ್ದೆಲ್ಲಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ, ಒಳಗೆ ಹೋದ ಮೇಲೆ ವಾಪಸ್ ತೆಗೆಯೋಕಾಗಲ್ಲ. ಐಯುಡಿ, ಇಂಪ್ಲಾಂಟ್ ಬೇಡ ಅಂದ್ರೆ ಅದೇ ದಿನ ತೆಗೀಬಹುದು, ಇಂಜೆಕ್ಷನ್ ಒಗ್ಗದಿದ್ರೆ ಅದು ಮೈಯಿಂದ ಇಳಿಯೋವರೆಗೂ ಅನುಭವಿಸ್ಬೇಕು. ನಿಲ್ಲಿಸಿದ ಮೇಲೆ ಗರ್ಭ ನಿಲ್ಲೋ ಶಕ್ತಿ ವಾಪಸ್ ಬರತ್ತೆ, ಖಂಡಿತ ಬರತ್ತೆ, ಆದ್ರೆ ತಡ ಆಗತ್ತೆ, ಕೊನೇ ಇಂಜೆಕ್ಷನ್ ಆಗಿ ಸರಾಸರಿ 10 ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಮುಂದಿನ ವರ್ಷ ಮಗು ಬೇಕು ಅನ್ಕೊಂಡಿರೋಳಿಗೆ ಇದನ್ನ ಹೇಳದೆ ಕೊಟ್ರೆ, ಆಮೇಲೆ ತಿಂಗಳು ತಿಂಗಳು ಡೇಟ್ ಬಂದಾಗೆಲ್ಲ ಅವಳು ಬಂಜೆ ಅನ್ನೋ ಮಾತು ಕೇಳ್ಬೇಕಾಗತ್ತೆ, ಇಂಜೆಕ್ಷನ್ ತಗೊಂಡ್ರೆ ಮಕ್ಕಳಾಗಲ್ಲ ಅನ್ನೋ ಗಾಳಿಮಾತು ಹುಟ್ಟೋದೂ ಹಿಂಗೇ. ಮೂಳೆಯ ಸಾಂದ್ರತೆ ಕಡಿಮೆ ಆಗತ್ತೆ ಅಂತ 2004ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ಯಾಕ್ ಮೇಲೆ ಎಚ್ಚರಿಕೆ ಹಾಕಿಸಿತು, ನಿಲ್ಲಿಸಿದ ಮೇಲೆ ಹೆಚ್ಚಿನ ಪಾಲು ಸುಧಾರಿಸತ್ತೆ ಅನ್ನೋದೂ ನಿಜ. ತೂಕ ಏರೋದು ಬೇರೆ ವಿಧಾನಗಳಲ್ಲಿ ಅಷ್ಟು ಸ್ಪಷ್ಟ ಇಲ್ಲದೇ ಇರಬಹುದು, ಇದರಲ್ಲಿ ಕೆಲವರಿಗೆ ನಿಜವಾಗ್ಲೂ ಏರತ್ತೆ, "ನೀನೇ ತಿಂದು ದಪ್ಪ ಆಗಿದೀಯಾ" ಅಂತ ಹೇಳೋದನ್ನ ದಯವಿಟ್ಟು ಬಿಡಿ.

ಮನಸ್ಸಿನ ವಿಷಯ ಇನ್ನೂ ಕಷ್ಟ. 2016ರಲ್ಲಿ ಡೆನ್ಮಾರ್ಕಿಂದ ಒಂದು ಅಧ್ಯಯನ ಬಂತು, 15ರಿಂದ 34 ವಯಸ್ಸಿನ 10 ಲಕ್ಷಕ್ಕಿಂತ ಹೆಚ್ಚು ಹೆಂಗಸರ ದಾಖಲೆ ನೋಡಿದ್ರು, ಹಾರ್ಮೋನ್ ಗರ್ಭನಿರೋಧಕ ಬಳಸೋರಲ್ಲಿ ಖಿನ್ನತೆಗೆ ಮೊದಲ ಸಲ ಮಾತ್ರೆ ಶುರು ಮಾಡೋದು ಸ್ವಲ್ಪ ಹೆಚ್ಚು ಕಂಡಿತು, ಹದಿಹರೆಯದ ಹುಡುಗೀರಲ್ಲಿ ಇನ್ನೂ ಹೆಚ್ಚು. ಇದರಿಂದ ಹಾರ್ಮೋನೇ ಕಾರಣ ಅಂತ ಸಾಬೀತಾಗಲ್ಲ, ಒಪ್ತೀನಿ, ಬೇರೆ ಅಧ್ಯಯನಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ, ಬಹಳ ಜನಕ್ಕೆ ಮೂಡಲ್ಲಿ ಏನೂ ವ್ಯತ್ಯಾಸನೇ ಆಗಲ್ಲ. ಆದ್ರೆ ಎದುರಿಗೆ ಕೂತಿರೋ ಒಬ್ಬಳು "ಹಾಕಿಸ್ಕೊಂಡಾಗಿಂದ ಕಾರಣ ಇಲ್ದೆ ಅಳು ಬರತ್ತೆ, ಯಾವುದೂ ಬೇಡ ಅನ್ಸತ್ತೆ" ಅಂತ ಹೇಳೋವಾಗ ಸಾಬೀತಾಗಿಲ್ಲ ಅನ್ನೋ ಮಾತಿಂದ ಅವಳಿಗೇನು ಉಪಯೋಗ? ತೆಗೆದು ನೋಡೋಣ ಅಂದ್ರೆ ಗೊತ್ತಾಗತ್ತಲ್ವಾ. ಕಡಿಮೆ ಆದ್ರೆ ಆಯ್ತು, ಆಗದಿದ್ರೆ ಕಾರಣ ಬೇರೆ ಹುಡುಕೋಣ. ಶುರು ಮಾಡೋ ಮುಂಚೆನೇ ಮೂಡ್, ನಿದ್ದೆ, ಬ್ಲೀಡಿಂಗ್ ಬಗ್ಗೆ ಫೋನಲ್ಲೋ ಡೈರೀಲೋ ಗುರುತು ಹಾಕ್ಕೊಳ್ಳಿ ಅಂತ ಹೇಳಿದ್ರೆ ಆಮೇಲೆ ಹೋಲಿಸಿ ನೋಡೋಕೆ ನಿಮಗೂ ಅನುಕೂಲ, ನಮಗೂ.

ಇಲ್ಲಿ ಪತ್ರ ಓದ್ತಿರೋ ಹೆಂಗಸರಿಗೂ ಒಂದೆರಡು ಮಾತು ಹೇಳ್ಬೇಕು, ಯಾಕಂದ್ರೆ ಹೆದರಿಸೋ ಕೆಲಸ ಇನ್ನೊಂದು ಕಡೆಯಿಂದಲೂ ಜೋರಾಗಿ ನಡೀತಿದೆ. ಕಾಪರ್ ಟಿ ಎದೆಗೆ ಹತ್ತಲ್ಲ. ಹಾಕೋವಾಗ ಗರ್ಭಕೋಶದ ಗೋಡೆ ತೂತಾಗೋ ಸಾಧ್ಯತೆ ಸುಮಾರು 1,000ಕ್ಕೆ 1, ಆಗೋದೇ ಇಲ್ಲ ಅಂತಲ್ಲ, ಅಪರೂಪ. ಮೊದಲ ವರ್ಷದಲ್ಲಿ ತಾನಾಗೇ ಜಾರಿ ಬರೋದು 100ಕ್ಕೆ 2ರಿಂದ 10, ಅದಕ್ಕೇ ಅದರ ತುದೀಲಿರೋ ದಾರ ಮುಟ್ಟಿ ನೋಡ್ಕೊಳ್ಳೋದು ಹೇಳಿಸ್ಕೊಳ್ಳಿ. ಮಗು ಆಗದೇ ಇರೋರಿಗೂ ಹಾಕಬಹುದು. ರಕ್ತ ಹೆಪ್ಪುಗಟ್ಟೋ ಭಯ ಇದೆಯಲ್ಲ, ಅದು ಮುಖ್ಯವಾಗಿ ಈಸ್ಟ್ರೋಜೆನ್ ಅನ್ನೋ ಹಾರ್ಮೋನ್ ಇರೋ ಮಾತ್ರೆಗಳಿಗೆ ಸಂಬಂಧಪಟ್ಟಿದ್ದು. ಏನೂ ಬಳಸದ 10,000 ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಜನಕ್ಕೆ ಹಿಂಗಾಗತ್ತೆ, ಆ ಮಾತ್ರೆ ನುಂಗೋರಲ್ಲಿ 3ರಿಂದ 9, ಬಸುರಿ ಇದ್ದಾಗ 5ರಿಂದ 20, ಹೆರಿಗೆ ಆದ ಮೊದಲ 12 ವಾರದಲ್ಲಿ ಅದೇ ಲೆಕ್ಕಕ್ಕೆ 40ರಿಂದ 65. ಅಂದ್ರೆ ಬಸಿರು ಬಾಣಂತನದಲ್ಲೇ ಅಪಾಯ ಜಾಸ್ತಿ. ಹಂಗಂತ ಎಲ್ಲರೂ ಆ ಮಾತ್ರೆ ನುಂಗಬಹುದು ಅಂತಲ್ಲ, 35 ದಾಟಿ ಸಿಗರೇಟ್ ಸೇದೋರು, ಕಣ್ಣ ಮುಂದೆ ಮಿಂಚು ಬಂದು ಆಮೇಲೆ ಮೈಗ್ರೇನ್ ಬರೋರು, ಬಿಪಿ ಹತೋಟೀಲಿ ಇಲ್ಲದೋರು, ಮೊದಲೇ ಹೆಪ್ಪು ಕಟ್ಟಿದ ಚರಿತ್ರೆ ಇರೋರು ಅದರ ಹತ್ರ ಹೋಗಬಾರದು. ಕ್ಯಾನ್ಸರ್ ಬಗ್ಗೆ ಕೇಳ್ತೀರಾ? 2017ರ ಡೆನ್ಮಾರ್ಕ್ ಅಧ್ಯಯನದಲ್ಲಿ ಹಾರ್ಮೋನ್ ಗರ್ಭನಿರೋಧಕ ಬಳಸೋ ಒಂದು ಲಕ್ಷ ಹೆಂಗಸರಲ್ಲಿ ವರ್ಷಕ್ಕೆ ಸುಮಾರು 13 ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತು, ಅದೇ ಮಾತ್ರೆ ಅಂಡಾಶಯ ಮತ್ತೆ ಗರ್ಭಕೋಶದ ಒಳಪದರದ ಕ್ಯಾನ್ಸರನ್ನ ಕಡಿಮೆ ಮಾಡತ್ತೆ ಅನ್ನೋದೂ ಬಹಳ ಹಿಂದಿಂದ ಗೊತ್ತಿರೋದೇ. ಇವೆರಡನ್ನೂ ಒಟ್ಟಿಗೆ ಹೇಳಬೇಕು. ಆಮೇಲೆ ಐಯುಡಿ, ಇಂಪ್ಲಾಂಟ್, ಇಂಜೆಕ್ಷನ್ ಯಾವುದೂ ಲೈಂಗಿಕ ಸೋಂಕುಗಳಿಂದ ಕಾಪಾಡಲ್ಲ, ಅದಕ್ಕೆ ಕಾಂಡೋಮೇ ಬೇಕು.

ಮತ್ತೆ ಡಾಕ್ಟರುಗಳೇ ನಿಮ್ಮ ಕಡೆಗೆ ಬರ್ತೀನಿ. ಈ ಲೆಕ್ಕ ಎಲ್ಲ ನೀವು ಹೇಳಿದ್ರೆ ಜನ ಹೆದರಿ ಓಡಿಹೋಗ್ತಾರೆ ಅನ್ನೋ ಭಯ ನಿಮಗಿದೆ ಅನ್ಸತ್ತೆ. ನನಗೆ ಕಂಡಿದ್ದು ಬೇರೆ. ಮೊದಲೇ ಗೊತ್ತಿದ್ದು ಬಂದ ಸ್ಪಾಟಿಂಗನ್ನ ಹೆಂಗಸರು ತಡ್ಕೊತಾರೆ, ಯಾರೂ ಹೇಳದೆ ಬಂದ ಸ್ಪಾಟಿಂಗ್ ಆದ್ರೆ ಏನೋ ಕೆಟ್ಟುಹೋಗಿದೆ ಅಂತ ತೆಗೆಸ್ತಾರೆ, ಪಕ್ಕದ ಮನೆಯವಳಿಗೂ ಹಾಕಿಸ್ಬೇಡ ಅಂತಾರೆ.

ನೋವಿನ ಬಗ್ಗೆನೂ ಅಷ್ಟೇ. ಐಯುಡಿ ಹಾಕೋವಾಗ "ಸ್ವಲ್ಪ ಚುರುಕ್ ಅನ್ನತ್ತೆ" ಅಂತೀರಿ, ಕೆಲವರಿಗೆ ಅಷ್ಟೇ ಆಗತ್ತೆ, ಕೆಲವರಿಗೆ ಟೇಬಲ್ ಮೇಲೇ ಕಣ್ಣು ಕತ್ತಲೆ ಬರತ್ತೆ, ಅದರಲ್ಲೂ ಹೆರಿಗೆ ಆಗದವರಿಗೆ. 2024ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿನೇ ತನ್ನ ಸಲಹೆ ತಿದ್ದಿ, ಹಾಕೋ ಮುಂಚೆ ನೋವಿನ ಬಗ್ಗೆ ಎಲ್ಲರ ಜೊತೆ ಮಾತಾಡಿ, ಗರ್ಭಕಂಠದ ಹತ್ರ ಲಿಡೊಕೇನ್ ಅನ್ನೋ ಮರಗಟ್ಟಿಸೋ ಔಷಧಿ ಕೊಡೋದರಿಂದ ನೋವು ಕಡಿಮೆ ಆಗಬಹುದು ಅಂತ ಬರೀತು. ಹಲ್ಲು ಕೀಳೋಕೆ ಮರಗಟ್ಟಿಸೋ ಇಂಜೆಕ್ಷನ್ ಕೊಡದೆ ಯಾರಾದ್ರೂ ಕೈ ಹಾಕ್ತಾರಾ? ಹೆಂಗಸರ ನೋವು ಅಂದ್ರೆ ಮಾತ್ರ ಹೆರಿಗೆ ತಡ್ಕೊಂಡಿಲ್ವಾ ಇದೇನು ಮಹಾ ಅನ್ನೋ ಮಾತು ಹೆಂಗೆ ಬರತ್ತೋ.

ನಿಮ್ಮನ್ನ ನಾವು ಯಾಕೆ ಪೂರ್ತಿ ನಂಬಲ್ಲ ಅಂತ ಬೇಜಾರಾಗೋ ಮುಂಚೆ ಸ್ವಲ್ಪ ಹಿಂದೆ ನೋಡಿ. 1960ರಲ್ಲಿ ಮೊದಲ ಮಾತ್ರೆಗೆ ಒಪ್ಪಿಗೆ ಸಿಕ್ಕಾಗ ಅದರಲ್ಲಿ ಹಾರ್ಮೋನ್ ಪ್ರಮಾಣ ಈಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು, ಹೆಪ್ಪು ಕಟ್ಟಿ ಸತ್ತವರ ಸುದ್ದಿ ಬಂದ್ರೂ ನುಂಗೋರಿಗೆ ಯಾರೂ ಹೇಳ್ತಿರಲಿಲ್ಲ. 1970ರಲ್ಲಿ ಅಮೆರಿಕದ ಸೆನೆಟಲ್ಲಿ ಸೆನೆಟರ್ ಗೇಲಾರ್ಡ್ ನೆಲ್ಸನ್ ಈ ಮಾತ್ರೆ ಬಗ್ಗೆ ವಿಚಾರಣೆ ನಡೆಸಿದಾಗ ಮಾತ್ರೆ ನುಂಗೋ ಒಬ್ಬ ಹೆಂಗಸನ್ನೂ ಸಾಕ್ಷಿಗೆ ಕರೆದಿರಲಿಲ್ಲ, ಹಿಂದೆ ಕೂತಿದ್ದ ಹೆಂಗಸರು ಎದ್ದು ನಿಂತು ಗಲಾಟೆ ಮಾಡಿದ್ರು, ಆಮೇಲೇ ಮಾತ್ರೆ ಡಬ್ಬಿ ಜೊತೆ ಅಪಾಯಗಳನ್ನ ಬರೆದ ಚೀಟಿ ಬರೋಕೆ ಶುರುವಾಗಿದ್ದು. 1971ರಲ್ಲಿ ಡಾಲ್ಕನ್ ಶೀಲ್ಡ್ ಅನ್ನೋ ಐಯುಡಿ ಬಂತು, ಅದರ ದಾರ ಹಲವು ಎಳೆಗಳದ್ದು, ಬ್ಯಾಕ್ಟೀರಿಯಾ ಅದರ ಮೂಲಕ ಗರ್ಭಕೋಶಕ್ಕೆ ಹತ್ತಿ ಸೋಂಕಾಗಿ ಹೆಂಗಸರು ಸತ್ರು, 1974ರಲ್ಲಿ ಮಾರೋದು ನಿಲ್ಲಿಸಿದ್ರು. ಈಗಿನ ಐಯುಡಿಗಳ ದಾರ ಹಂಗಿಲ್ಲ, ಅದು ಬೇರೆ ಮಾತು. ಆಮೇಲೆ ಆರು ಕೊಳವೆಗಳ ನಾರ್‌ಪ್ಲಾಂಟ್ ಅನ್ನೋ ಇಂಪ್ಲಾಂಟ್, 1990ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಮುಂದಿನ ವರ್ಷನೇ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಜಡ್ಜು ಒಬ್ಬ ತಾಯಿಗೆ ಜೈಲು ಶಿಕ್ಷೆ ಕಡಿಮೆ ಆಗಬೇಕಿದ್ರೆ ಇದನ್ನ ಹಾಕಿಸ್ಕೊ ಅಂತ ಷರತ್ತು ಹಾಕಿದ. ಆರೂ ಕೊಳವೆನ ತೆಗೆಯೋಕೆ ಎಷ್ಟೋ ಡಾಕ್ಟರಿಗೆ ತರಬೇತಿನೇ ಇರಲಿಲ್ಲ, ಹಾಕೋದು ಕಲಿಸಿದಷ್ಟು ತೆಗೆಯೋದು ಕಲಿಸಿರಲಿಲ್ಲ. ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಬೇಡ ಅಂದಾಗ ನಿಲ್ಲಿಸೋದು ಮಾತ್ರೆ ನುಂಗೋಳ ಕೈಲಿರತ್ತೆ, ದೀರ್ಘಕಾಲದ್ದು ಹಾಕಿಸ್ಕೊಂಡೋಳು ನಿಲ್ಲಿಸೋದಕ್ಕೂ ನಿಮ್ಮ ಬಾಗಿಲಿಗೇ ಬರಬೇಕು. ದಿನಾ ನೆನಪಿಡಬೇಕಿಲ್ಲದ ವಿಧಾನ ಅನ್ನೋ ಅದೇ ಗುಣನೇ ಅವಳನ್ನ ನಿಮ್ಮ ಮೇಲೆ ಅವಲಂಬಿಸೋ ಹಾಗೆ ಮಾಡಿದೆ. ಅಲ್ಲಿ ನೀವು "ಇನ್ನೂ ಸ್ವಲ್ಪ ದಿನ" ಅಂದ್ರೆ ಅದು ಸಲಹೆ ಆಗಿ ಉಳಿಯಲ್ಲ, ಅವಳ ಮೈಮೇಲೆ ನೀವು ತಗೊಂಡ ತೀರ್ಮಾನ ಆಗತ್ತೆ.

ಸಲಹೆ ಕೊಡಿ, ಬೇಡ ಅನ್ನಲ್ಲ. ಬ್ಲೀಡಿಂಗ್‌ಗೆ ಔಷಧಿ ಇದೆ, ಬೇಕಾದ್ರೆ ಸ್ವಲ್ಪ ದಿನ ಪ್ರಯತ್ನಿಸಿ ನೋಡಬಹುದು ಅಂತ ಒಂದು ಸಲ ಹೇಳಿ. ಬೇಡ ಅಂದ್ರೆ ಅದೇ ದಿನ ತೆಗೆದುಬಿಡಿ. ಗಂಡನ್ನ ಕರ್ಕೊಂಡು ಬಾ ಅನ್ಬೇಡಿ.

ಮಕ್ಕಳಾಗದ ಹಾಗೆ ಮಾಡಿಸೋ ಆಪರೇಷನ್ ವಿಷಯದಲ್ಲಿ ಮಾತ್ರ ನೀವು ತಡೆದು ಮಾತಾಡಿಸೋದು ಸರಿ ಅನ್ಸತ್ತೆ, ಯಾಕಂದ್ರೆ ಅದನ್ನ ವಾಪಸ್ ತಿರುಗಿಸೋದು ಕಷ್ಟ. ಅಮೆರಿಕದಲ್ಲಿ ಟ್ಯೂಬೆಕ್ಟಮಿ (ಹೆಂಗಸರಿಗೆ ಮಾಡೋ ಆ ಆಪರೇಷನ್) ಆದೋರನ್ನ 14 ವರ್ಷದವರೆಗೆ ಕೇಳ್ತಾ ಹೋದ ಒಂದು ಅಧ್ಯಯನದಲ್ಲಿ, 30 ಅಥವಾ ಅದಕ್ಕಿಂತ ಕಡಿಮೆ ವಯಸ್ಸಲ್ಲಿ ಮಾಡಿಸ್ಕೊಂಡೋರಲ್ಲಿ 100ಕ್ಕೆ 20 ಜನ ಪಶ್ಚಾತ್ತಾಪ ಹೇಳ್ಕೊಂಡ್ರು, 30 ದಾಟಿದ ಮೇಲೆ ಮಾಡಿಸ್ಕೊಂಡೋರಲ್ಲಿ 6 ಜನ. ವಿಚಿತ್ರ ಅಂದ್ರೆ ಹೆರಿಗೆ ಆದ ಸುಸ್ತಲ್ಲಿರೋ ಚಿಕ್ಕ ವಯಸ್ಸಿನ ಹೆಂಗಸಿಗೆ ಆಪರೇಷನ್ ಮಾಡಿಸಿಬಿಡು ಅಂತ ಅವಸರ ಮಾಡೋರೇ ಕಾಪರ್ ಟಿ ತೆಗೆಯೋಕೆ ಅಂದ್ರೆ ಯೋಚನೆ ಮಾಡು ಅಂತಾರೆ.

ಇನ್ನು ಗಂಡಸರ ಆಪರೇಷನ್ ಬಗ್ಗೆ ನೀವು ಬಾಯೇ ಬಿಡಲ್ಲ. ವ್ಯಾಸೆಕ್ಟಮಿ ಲೋಕಲ್ ಅನಸ್ತೇಷಿಯಾದಲ್ಲಿ ಸ್ವಲ್ಪ ಹೊತ್ತಿನ ಕೆಲಸ, ಹೊಟ್ಟೆ ತೆರೆಯೋದಿಲ್ಲ, ಟ್ಯೂಬೆಕ್ಟಮಿಗಿಂತ ಅಪಾಯ ಕಡಿಮೆ, ಚಾಕು ಹಾಕದೆ ಮಾಡೋ ವಿಧಾನ 1974ರಿಂದಲೇ ಇದೆ, ಚೀನಾದ ಲಿ ಶುನ್‌ಚಿಯಾಂಗ್ ಶುರು ಮಾಡಿದ್ದು. ಒಂದೇ ಎಚ್ಚರಿಕೆ, ಸುಮಾರು ಮೂರು ತಿಂಗಳು ಬೇರೆ ಏನಾದ್ರೂ ಬಳಸಿ ವೀರ್ಯ ಪರೀಕ್ಷೆ ಮಾಡಿಸಿ ಖಚಿತ ಮಾಡ್ಕೋಬೇಕು. ಮಕ್ಕಳು ಸಾಕು ಅಂತ ಇಬ್ಬರೂ ತೀರ್ಮಾನ ಮಾಡಿದ ದಂಪತಿಗೆ ಇದನ್ನೂ ಒಂದು ಆಯ್ಕೆ ಅಂತ ಇಡೋಕೆ ಏನು ಅಡ್ಡಿ? ಗಂಡಸರಿಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ನೋಡಿದ ಒಂದು ಟ್ರಯಲ್ ವರದಿ 2016ರಲ್ಲಿ ಬಂತು, 320 ಗಂಡಸರಿದ್ರು, ಮೂಡ್ ಬದಲಾವಣೆ ಮೊಡವೆ ಇತ್ಯಾದಿ ಸೈಡ್ ಎಫೆಕ್ಟ್ ನೋಡಿ ಪರಿಶೀಲನಾ ಸಮಿತಿ ಟ್ರಯಲ್ಲೇ ನಿಲ್ಲಿಸಿಬಿಡ್ತು, ಅವರಲ್ಲಿ ಬಹುಪಾಲು ಜನ ಈ ವಿಧಾನ ಬಳಸೋಕೆ ತಯಾರಿದೀವಿ ಅಂದಿದ್ರೂ. ಸಮಿತಿ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಅಷ್ಟೇ ಎಚ್ಚರಿಕೆ ನಮ್ಮ ಮೂಡಿನ ಬಗ್ಗೆನೂ ಇರಲಿ ಅಂತೀನಿ.

ವಿಶ್ವ ಆರೋಗ್ಯ ಸಂಸ್ಥೆ ಯಾರಿಗೆ ಯಾವ ವಿಧಾನ ಸುರಕ್ಷಿತ ಅಂತ 1ರಿಂದ 4ರವರೆಗೆ ದರ್ಜೆ ಮಾಡಿಟ್ಟಿದೆ, 1 ಅಂದ್ರೆ ಧಾರಾಳವಾಗಿ ಬಳಸಬಹುದು, 4 ಅಂದ್ರೆ ಬೇಡವೇ ಬೇಡ. ನಿಮ್ಮಲ್ಲಿ ಹೆಚ್ಚಿನವರ ಪ್ರಶ್ನೆಗಳು ಅಲ್ಲಿಗೇ ನಿಂತುಹೋಗ್ತವೆ. ಆದ್ರೆ ದರ್ಜೆ 1 ಬಂದ ನಾಲ್ಕು ವಿಧಾನಗಳಲ್ಲಿ ನನಗೆ ಯಾವುದು ಅನ್ನೋದನ್ನ ಯಾವ ಪಟ್ಟಿ ಹೇಳತ್ತೆ? ಅದು ನನ್ನ ಬದುಕು ಹೆಂಗಿದೆ ಅನ್ನೋದರ ಮೇಲೆ ಹೋಗತ್ತೆ. ಮಗು ಯಾವಾಗ ಬೇಕು ಅಥವಾ ಬೇಡವೇ ಬೇಡವಾ, ಮುಟ್ಟು ನಿಂತ್ರೆ ನಿಮಗೆ ಖುಷಿನಾ ಭಯನಾ, ದಿನವಿಡೀ ನಿಂತು ಮಾಡೋ ಕೆಲಸನಾ, ಕೆಲಸದ ಜಾಗದಲ್ಲಿ ಪ್ಯಾಡ್ ಬದಲಾಯಿಸೋಕೆ ಟಾಯ್ಲೆಟ್ ಇದೆಯಾ, ನೀವು ಇದನ್ನ ಬಳಸೋದು ಮನೇಲಿ ಯಾರಿಗೆ ಗೊತ್ತಿದೆ ಯಾರಿಗೆ ಗೊತ್ತಾಗಬಾರದು. ಈ ಕೊನೇದನ್ನಂತೂ ಒಬ್ಬಳೇ ಇದ್ದಾಗ, ಮೆಲ್ಲಗೆ ಕೇಳಬೇಕು. ಗುಟ್ಟಾಗಿ ಬಳಸೋಳಿಗೆ ಹೊತ್ತಲ್ಲದ ಹೊತ್ತಲ್ಲಿ ಬರೋ ಬ್ಲೀಡಿಂಗ್ ಬರೀ ಸೈಡ್ ಎಫೆಕ್ಟ್ ಅಲ್ಲ, ಅದು ಅವಳ ಗುಟ್ಟು ಬಯಲು ಮಾಡೋ ವಿಷಯ. ಐಯುಡಿ ದಾರ ಗಂಡನಿಗೆ ತಾಗಬಹುದು, ಇಂಪ್ಲಾಂಟ್ ಕಡ್ಡಿ ತೋಳು ಸವರಿದ್ರೆ ಕೈಗೆ ಸಿಗತ್ತೆ. ದಾರನ ಇನ್ನೂ ಗಿಡ್ಡ ಕತ್ತರಿಸಬಹುದು, ಆದ್ರೆ ತೆಗೆಯೋವಾಗ ಸ್ವಲ್ಪ ಕಷ್ಟ ಆಗಬಹುದು, ಇದನ್ನ ಹೇಳಿ ಅವಳೇ ತೀರ್ಮಾನ ಮಾಡ್ಲಿ.

ಯಾವಾಗ ಕಾಯಬಾರದು ಅನ್ನೋದನ್ನೂ ಬರೆದು ಕೊಡಿ, ಬಾಯಲ್ಲಿ ಹೇಳಿದ್ದು ಟೇಬಲ್ಲಿಂದ ಇಳಿಯೋ ಹೊತ್ತಿಗೆ ಮರೆತುಹೋಗಿರತ್ತೆ. ಐಯುಡಿ ಹಾಕಿದ ಮೇಲೆ ಜ್ವರ, ಕಿಬ್ಬೊಟ್ಟೆಯಲ್ಲಿ ತಡೆಯಲಾರದ ನೋವು, ವಾಸನೆ ಬರೋ ಸ್ರಾವ, ದಾರ ಸಿಗದೇ ಹೋಗೋದು ಅಥವಾ ಇದ್ದಕ್ಕಿದ್ದಂಗೆ ಉದ್ದ ಆಗೋದು, ಇವುಗಳಲ್ಲಿ ಯಾವುದಾದ್ರೂ ಆದ್ರೆ ಬರಬೇಕು. ಐಯುಡಿ ಇದ್ದೂ ಬಸುರಿ ಆಗೋದು ಬಹಳ ಅಪರೂಪ, ಅಕಸ್ಮಾತ್ ಆದ್ರೆ ಅದು ಗರ್ಭಕೋಶದ ಹೊರಗೆ ಟ್ಯೂಬಲ್ಲಿ ನಿಂತಿರೋ ಸಾಧ್ಯತೆ ಹೆಚ್ಚು, ಅದು ಪ್ರಾಣಕ್ಕೇ ಅಪಾಯ, ಹಂಗಾಗಿ ಮುಟ್ಟು ತಪ್ಪಿ ಹೊಟ್ಟೆನೋವು ಬಂದ್ರೆ ಅವತ್ತೇ ತೋರಿಸ್ಬೇಕು. ಈಸ್ಟ್ರೋಜೆನ್ ಮಾತ್ರೆ ನುಂಗೋರಿಗೆ ಒಂದೇ ಕಾಲು ಊದಿ ನೋವು ಬರೋದು, ಎದೆನೋವು, ಉಸಿರಾಡೋಕೆ ಕಷ್ಟ, ಇದ್ದಕ್ಕಿದ್ದಂಗೆ ಸಿಡಿಯೋ ತಲೆನೋವು ಅಂದ್ರೆ ಸೀದಾ ಎಮರ್ಜೆನ್ಸಿಗೆ.

ಹಾಕಿದ ದಿನ ನಮ್ಮ ಕೈಗೊಂದು ಕಾರ್ಡ್ ಕೊಡ್ತೀರಲ್ಲ, ಯಾವ ಮಾದರಿ, ಹಾಕಿದ ತಾರೀಕು, ಬದಲಾಯಿಸಬೇಕಾದ ತಾರೀಕು ಅಂತ. ಅದರ ಕೆಳಗೆ ಜಾಗ ಖಾಲಿನೇ ಇರತ್ತೆ. ಅಲ್ಲಿ ಮೇಲಿನ ಲಕ್ಷಣಗಳನ್ನ ಅಚ್ಚು ಹಾಕಿಸಿ, ಅದರ ಕೆಳಗೆ "ನಿಮಗೆ ಬೇಡ ಅನ್ಸಿದ ಯಾವ ದಿನ ಬೇಕಾದ್ರೂ ಬನ್ನಿ, ತೆಗೆದು ಕೊಡ್ತೀವಿ, ಕಾರಣ ಹೇಳಬೇಕಿಲ್ಲ, ಯಾರನ್ನೂ ಕರ್ಕೊಂಡು ಬರಬೇಕಿಲ್ಲ" ಅಂತ ಇನ್ನೊಂದು ಸಾಲು ಸೇರಿಸಿ, ನಿಮ್ಮ ಸಹಿ ಹಾಕಿ ಕೊಡಿ.

ಇಂತಿ,
ನಿಮ್ಮ ಒಪಿಡಿ ಸಾಲಲ್ಲಿ ಟೋಕನ್ ಹಿಡ್ಕೊಂಡು ಕೂತಿರೋರಲ್ಲಿ ಒಬ್ಬಳು